ಬಂಡೆಯ ಮೇಲೆ ಲೀಡರು

ಹೆಂಡತಿ ಗುರುಬಸವ್ವನಿಗೆ ನಾನು ಒಂದು ಭಾನುವಾರ ಬಾಕಿ ಕೊಡಬೇಕಿತ್ತು. ಒಂಬತ್ತು ವರ್ಷದ ಹಳೆಯ ಬಾಕಿ. ಮದುವೆಯಾದ ಹೊಸದರಲ್ಲಿ ‘ಬರೂ ಐತವಾರ ಹೊಳಿದಂಡಿಗೆ ಹೋಗೂಣು’ ಅಂದಿದ್ದೆ. ಆ ಭಾನುವಾರ ಮೆರವಣಿಗೆ ಬಂತು, ಮುಂದಿನದಕ್ಕೆ ಧರಣಿ, ಅದರ ಮುಂದಿನದಕ್ಕೆ ಲಾಕಪ್ಪು. ಊರಿನ ಇಪ್ಪತ್ತು ಬೇಡಿಕೆ ಬಾಯಿಪಾಠ ಒಪ್ಪಿಸುವ ನಾನು (ಕಾರ್ಮಿಕ ಸಂಘದ ಕಾರ್ಯದರ್ಶಿ, ಬಾಯಿಗೆ ಬೀಗವಿಲ್ಲ) ಮನೆಯ ಒಂದೇ ಬೇಡಿಕೆಯನ್ನು ‘ಪರಿಶೀಲನೆ’ಯಲ್ಲಿಟ್ಟಿದ್ದೆ.

ಈ ಎಪ್ಪತ್ತೊಂಬತ್ತರ ಜನವರಿಯಲ್ಲಿ ಆಕೆ ನೋಟೀಸು ಕೊಟ್ಟಳು. ‘ಈ ಐತವಾರ ಹೋಗಲಿಲ್ಲಂದ್ರ ಸೋಮವಾರದಿಂದ ಒಲಿ ಬಂದ್.’

ಆಕೆ ತೇಪೆ ಹಾಕಿಟ್ಟ ಪ್ಯಾಂಟು ತೊಟ್ಟು ಹೊರಟೆ.

ಮೌಳಂಗಿ ಹಳ್ಳಿಯ ಆಚೆ ಹೊಳೆದಂಡೆಗೆ ಕರಿ ಬಂಡೆಗಳು ಎಮ್ಮೆಗಳ ಹಾಗೆ ಮಲಗಿವೆ. ಸೊಂಟದೆತ್ತರದವು, ಎದೆಯೆತ್ತರದವು; ಕೆಳಗೆ ಮೆತ್ತನೆ ಉಸುಕು. ಬಿದ್ದರೂ ಎದ್ದು ನಗಬಹುದು. ನಮ್ಮ ಕಾಲೊನಿಯ ಅರ್ಧ ಜನ ಅಲ್ಲಿ ಆಗಲೇ ಬುತ್ತಿ ಬಿಚ್ಚಿದ್ದರು. ಮಕ್ಕಳು ಬರಿಗಾಲಲ್ಲಿ ಹತ್ತಿ ಇಳಿಯುತ್ತಿದ್ದವು. ಗುರುಬಸವ್ವನೂ ಕಚ್ಚೆ ಬಿಗಿದು ಎರಡು ಬಂಡೆ ಹತ್ತಿಳಿದಳು.

ಮುಂದಿನ ವಾರ ಸಂಘದ ಚುನಾವಣೆ. ಇಷ್ಟು ಮತದಾರರನ್ನು ಒಟ್ಟಿಗೆ ಕಂಡ ನನಗೆ ಬಂಡೆ ವೇದಿಕೆಯಾಗಿ ಕಂಡಿತು. ಎಲ್ಲಕ್ಕಿಂತ ಎತ್ತರದ್ದನ್ನು ಹತ್ತಿ ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ಇಳಿಯಲು ಕಾಲು ಚಾಚಿದೆ. ಕಾಲಿಗೆ ಬರೀ ಗಾಳಿ ಸಿಕ್ಕಿತು.

ಲಾರಿಗೆ ಬಿದಿರು ಹೇರುವ ಮಿಂಗೇಲ್ ಕೆಳಗಿನಿಂದ ಹೇಳಿದ: ‘ಪರಸಣ್ಣಾ, ಕಲ್ಲಿನ ಕಡೆ ಮಾರಿ ಮಾಡ್ರಿ. ನಮ್ಮ ಕಡೆ ಬೆನ್ನ ಮಾಡಿ ಒಂದೊಂದ ಕಾಲ ಬಿಡ್ರಿ. ಬಿದಿರಿನ ಲೋಡ್ ಮ್ಯಾಲಿಂದ ನಾವು ಹಂಗ ಇಳೀತೇವಿ.’

‘ಇಪ್ಪತ್ತ ವರ್ಷದಾಗ ಜನಕ್ಕ ಬೆನ್ನ ತೋರ್ಸಿದಂವ ಅಲ್ಲ ನಾ.’

‘ಬೆನ್ನ ಎಲ್ಲೀದ್ರಿ,’ ಅಂದಳು ಗುರುಬಸವ್ವ. ‘ಕುಂಡಿ ತೋರ್ಸಬೇಕಾಗೇತಿ.’

ಮತದಾರರು ನಕ್ಕರು. ನಾನು ಮಾನ ಉಳಿಸಿಕೊಳ್ಳಲು, ‘ಇಳಿಯೂದಿಲ್ಲ. ಧರಣಿ ಕುಂತೇನಿ,’ ಎಂದು ಘೋಷಿಸಿದೆ.

‘ಯಾವ ಬೇಡಿಕೆಗ್ರಿ?’ ಕೇಳಿದಳು ಗುರುಬಸವ್ವ.

‘ಮೊದಲ ಚಹಾ ಮ್ಯಾಲ ಕಳಸು,’ ಅಂದೆ.

‘ಧರಣಿ ಕುಂತಾವ್ರಿಗೆ ಚಹಾ ಇಲ್ಲ. ರೂಲ್ ಮಾಡಿದಾವ್ರು ನೀವ,’ ಎಂದು ನನ್ನ ಪಾಲಿನ ರೊಟ್ಟಿಯನ್ನೂ ಆಕೆ ಮುರಿದಳು.

ಮಧ್ಯಾಹ್ನದ ಹೊತ್ತಿಗೆ ಬಂಡೆ ಹಂಚಾಗಿ ಕಾಯಿತು. ಕುಂತ ಭಾಗಕ್ಕೆ ಸಿದ್ಧಾಂತ ತಿಳಿಯುವುದಿಲ್ಲ.

‘ತಿಂಗಳಿಗೊಂದ ಐತವಾರ,’ ಅಂದಳು ಕೆಳಗಿನಿಂದ. ‘ಹೂಂ ಅನ್ರಿ, ಕಾಲ ಎಲ್ಲಿಡಬೇಕಂತ ಹೇಳ್ತೇನಿ.’

‘ಹೂಂ.’

ಜನಕ್ಕೆ ಬೆನ್ನು ಮಾಡಿದೆ. ಅಂಗಿ ಕಲ್ಲಿಗೆ ಸಿಕ್ಕು ಮೇಲೆದ್ದಿತು. ಕೆಳಗಿದ್ದವರು ಕತ್ತು ಚಾಚಿದರು. ಆಮೇಲೆ ಇಡೀ ಕಾಲೊನಿ, ಮೆರವಣಿಗೆಯಲ್ಲಿ ನಾನೇ ಕಲಿಸಿದ ಧಾಟಿಯಲ್ಲಿ, ಒಟ್ಟಿಗೆ ಓದಿತು: ‘ಇಳಿಸಿ! ಇಳಿಸಿ!’

ಧರಣಿ ಕುಂತು ಕುಂತು ಸವೆದ ಪ್ಯಾಂಟಿಗೆ ಗುರುಬಸವ್ವ ಹಾಕಿದ್ದು ಹಳೆಯ ಬ್ಯಾನರಿನ ಕೆಂಪು ತೇಪೆ. ‘ಬೆಲೆ ಇಳಿಸಿ’ ಎಂಬ ಬ್ಯಾನರು. ‘ಬೆಲೆ’ ನಮ್ಮ ಅಡುಗೆಮನೆಯ ಒರೆಸುವ ಅರಿವೆಯಾಗಿತ್ತು. ಬಿಳಿ ಅಕ್ಷರದ ‘ಇಳಿಸಿ’ ನನ್ನ ಹಿಂದಿತ್ತು.

ಮಿಂಗೇಲ್ ಎರಡೂ ಕಾಲು ಹಿಡಿದು ಉಸುಕಿಗೆ ಇಳಿಸಿದ. ನನ್ನ ಜೀವಮಾನದಲ್ಲಿ ಅಷ್ಟು ಬೇಗ ಈಡೇರಿದ ಬೇಡಿಕೆ ಇನ್ನೊಂದಿಲ್ಲ.

ಚುನಾವಣೆ ಗೆದ್ದೆ. ವೋಟು ಬಿದ್ದದ್ದು ನನ್ನ ಮುಖಕ್ಕಲ್ಲ ಎಂದು ಮನೆಯಾಕೆ ಹೇಳುತ್ತಾಳೆ. ಇರಲಿ. ಒಪ್ಪಂದದ ಪ್ರಕಾರ ಬರುವ ಭಾನುವಾರ ಮತ್ತೆ ಬಂಡೆಗೆ ಹೋಗಬೇಕು. ನನಗಿರುವುದು ಇದೊಂದೇ ಪ್ಯಾಂಟು. ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲಿ ಅಕ್ಷರವಿಲ್ಲದ ಒಂದು ಗೇಣು ಬಟ್ಟೆ ಇದ್ದರೆ ಶನಿವಾರದೊಳಗೆ ಕೊಡಿ. ಕೊಡುವವರೆಗೆ ನಾನು ನಿಮ್ಮ ಮನೆ ಕಟ್ಟೆಯ ಮೇಲೆ ಧರಣಿ ಕೂರುತ್ತೇನೆ, ಏಳುವುದಿಲ್ಲ. ಎದ್ದರೆ ನೀವೂ ಓದುತ್ತೀರಿ.