ಕಲ್ಲುಮಡುವಿನಲ್ಲಿ ಪ್ರವಾಸಿಗರನ್ನು ಏಕವಚನದಲ್ಲಿ ಎಚ್ಚರಿಸುವುದರ ನಿಷೇಧ

ಅಪಾಯ ಗ್ರಹಿಕೆ ಇಲಾಖೆ, ಮಂಡ್ಯ
ಸಂಖ್ಯೆ: ಅಗ್ರಇ/ಕೂಗು/17/2024-25

ವಿಷಯ: ಮಳವಳ್ಳಿ ತಾಲ್ಲೂಕು ಕಲ್ಲುಮಡು ನದಿದಡದಲ್ಲಿ ಪ್ರವಾಸಿಗರು ಅಪಾಯವನ್ನು ಕ್ರಮಬದ್ಧವಾಗಿ ಗಮನಿಸುವ ಬಗ್ಗೆ.
ಉಲ್ಲೇಖ: ಪ್ರವಾಸಿ ಶ್ರೀ ಶಶಿಧರ್ ಅವರ ದೂರು.

ಶ್ರೀ ಶಶಿಧರ್ ಅವರು ಪಾಚಿ ಕಟ್ಟಿದ ಬಂಡೆಯ ತುದಿಯಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ, ದಡದಲ್ಲಿ ಬೇಯಿಸಿದ ಕಡ್ಲೆಕಾಯಿ ಮಾರುವ ಶ್ರೀಮತಿ ಸಣ್ಣತಾಯಮ್ಮ ಎಂಬುವರು “ಲೇ ಕನ್ನಡಕ, ಇತ್ಲಾಗ್ ಬಾರ್ಲಾ! ಜಾರ್ಬುಟ್ರೆ ಎಣಾನೂ ಸಿಕ್ಕಕಿಲ್ಲ ಕಣ್ಲಾ!” ಎಂದು ಕೂಗಿರುತ್ತಾರೆ. ಬೆದರಿದ ದೂರುದಾರರು ಕೆಳಗಿಳಿದು, ಜೀವಂತವಾಗಿ ಮನೆ ತಲುಪಿ, ಮನಸ್ಸಿಗೆ ಘಾಸಿಯಾಗಿದೆಯೆಂದು ದೂರು ಸಲ್ಲಿಸಿರುತ್ತಾರೆ. ಇಲಾಖೆಯು ಇದನ್ನು ಗಂಭೀರವಾಗಿ ಪರಿಗಣಿಸಿದೆ.

ಈ ಸಂಬಂಧ ನದಿದಡದಲ್ಲಿದ್ದ ಇನ್ನೂರು ಮಂದಿಯನ್ನು ಯಾವುದಕ್ಕೆ ಹೆದರಿದಿರೆಂದು ವಿಚಾರಿಸಲಾಗಿ, 131 ಮಂದಿ ಕೋತಿಗೂ, 68 ಮಂದಿ ಮದ್ದೂರಿನಲ್ಲಿ ತಿಂದ ವಡೆಯ ಎಣ್ಣೆಗೂ ಹೆದರಿರುವುದು ಕಂಡುಬಂದಿದೆ. ನದಿಗೆ ಹೆದರಿದವರು ಬೆಸಗರಹಳ್ಳಿಯ ವ್ಯಾನ್ ಚಾಲಕ ನಿಂಗಯ್ಯ ಒಬ್ಬರೇ. ಅವರು ಸ್ಥಳೀಯರಾದ್ದರಿಂದ ಅವರ ಹೆದರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಅಪಾಯವನ್ನು ಇಲಾಖೆಯ ಹನ್ನೆರಡು ಅಡಿ ಫಲಕದ ಮೂಲಕವೇ ಗಮನಿಸತಕ್ಕದ್ದು. ಸದರಿ ಫಲಕಕ್ಕೆ ಒರಗಿ ಫೋಟೋ ತೆಗೆಸಿಕೊಂಡವರು ಸಾವಿರಾರು. ಓದಿದವರು ಅದನ್ನು ಬರೆದ ಪೇಂಟರ್ ಮಾತ್ರ.

2. ಎಚ್ಚರಿಸಲೇಬೇಕಾದಲ್ಲಿ “ಮಾನ್ಯ ಪ್ರವಾಸಿ ಮಹೋದಯರೇ, ತಾವು ಪಾದಾರ್ಪಣೆ ಮಾಡಿರುವ ಶಿಲೆಯು ಜಾರುವ ಸಂಭವವಿರುವುದರಿಂದ ದಯಮಾಡಿ ಪರಾಂಬರಿಸುವುದು” ಎಂದು ಮೂರು ಬಾರಿ, ಬಹುವಚನದಲ್ಲಿ ಓದತಕ್ಕದ್ದು. ಓದಿ ಮುಗಿಯುವವರೆಗೆ ಪ್ರವಾಸಿಗರು ಜಾರತಕ್ಕದ್ದಲ್ಲ.

3. ಎರಡನೇ ಶನಿವಾರ ಹಾಗೂ ಸರ್ಕಾರಿ ರಜಾದಿನಗಳಂದು ನದಿಯಲ್ಲಿ ಸುಳಿ ಇಲ್ಲವೆಂದು ಭಾವಿಸತಕ್ಕದ್ದು.

4. ನೀರಿಗೆ ಬಿದ್ದವರು ಮೇಲೆತ್ತಿಸಿಕೊಳ್ಳುವ ಮುನ್ನ ‘ಅಪಾಯವನ್ನು ಗಮನಿಸಿರುತ್ತೇನೆ’ ಎಂಬ ನಮೂನೆಯನ್ನು ದ್ವಿಪ್ರತಿಯಲ್ಲಿ ಭರ್ತಿ ಮಾಡತಕ್ಕದ್ದು. ಪೆನ್ನು ಫಲಕಕ್ಕೆ ದಾರದಿಂದ ಕಟ್ಟಿರುತ್ತದೆ. ದಾರವು ನೀರಿನವರೆಗೆ ಸಾಲದಿರುವುದು ಗಮನಕ್ಕೆ ಬಂದಿದ್ದು, ಟೆಂಡರ್ ಕರೆಯಲಾಗಿದೆ.

5. ಅಪಾಯ ಗುರುತಿಸಲು ತಮಗಿರುವ ಅರ್ಹತೆ ಏನೆಂದು ಶ್ರೀಮತಿ ಸಣ್ಣತಾಯಮ್ಮನವರನ್ನು ಕೇಳಲಾಗಿ, “ನನ್ ಮಗ ಸಿದ್ದರಾಮು ಇದೇ ಬಂಡೆಯಿಂದ ಜಾರಿ ಓಗ್ಬುಟ್ಟ ಕಣಪ್ಪ. ಇನ್ನೇನ್ ಬೇಕು ನಿಮ್ಗೆ?” ಎಂದು ಮೌಖಿಕವಾಗಿ ತಿಳಿಸಿರುತ್ತಾರೆ. ದೃಢೀಕೃತ ದಾಖಲೆ ಲಗತ್ತಿಸದ ಕಾರಣ ಪರಿಗಣಿಸಲು ಅವಕಾಶವಿರುವುದಿಲ್ಲ. ಇನ್ನು ಮುಂದೆ ಅವರು ಕಡ್ಲೆಕಾಯಿಯ ಹೊರತು ಬೇರೆ ಯಾವುದನ್ನೂ ಕೂಗತಕ್ಕದ್ದಲ್ಲ.

ತಪ್ಪಿದಲ್ಲಿ ಅವರ ತಳ್ಳುಗಾಡಿಯನ್ನು ತೆರವುಗೊಳಿಸಲಾಗುವುದು.

(ಸಹಿ)
ರಾಜೇಂದ್ರ
ಅಪಾಯ ಗ್ರಹಿಕಾಧಿಕಾರಿ (ಪ್ರಭಾರ)

ಪ್ರತಿಗಳು:
1. ಶ್ರೀ ಶಶಿಧರ್, ಸಾಂತ್ವನಕ್ಕಾಗಿ.
2. ಕೋತಿಗಳ ಉಸ್ತುವಾರಿ ಶಾಖೆ, ಮುಂದಿನ ಕ್ರಮಕ್ಕಾಗಿ.
3. ನದಿ, ಮಾಹಿತಿಗಾಗಿ.
4. ಶ್ರೀಮತಿ ಸಣ್ಣತಾಯಮ್ಮ, ಖುದ್ದು ಜಾರಿಗಾಗಿ.

ಕ್ರಮಸಂಖ್ಯೆ 4ಕ್ಕೆ ಷರಾ: ಪ್ರತಿಯನ್ನು ಖುದ್ದು ನೀಡಲು ಹೋಗಿದ್ದೆ. ಜಾರಿಯ ಪುರಾವೆಗಾಗಿ ಸದರಿ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿರುವಾಗ, “ಲೇ, ಇಳಿಯಲಾ ಕೆಳಕ್ಕೆ! ನಿಮ್ಮವ್ವ ಮನೇಲಿ ಕಾಯ್ತಾ ಅವ್ಳೆ ಕಣ್ಲಾ!” ಎಂಬ ಕೂಗು ಕೇಳಿ ಇಳಿದಿರುತ್ತೇನೆ. ಏಕವಚನದ ಬಗ್ಗೆ ನನ್ನ ದೂರು ಇರುವುದಿಲ್ಲ. ಸುತ್ತೋಲೆಯು ಯಥಾವತ್ತಾಗಿ ಜಾರಿಯಲ್ಲಿರುತ್ತದೆ. — ರಾಜೇಂದ್ರ