ಮೂರು ಮೂಲೆಯ ಹಾಯಿ

"ಗೋಣಿಚೀಲದ ಬಾಯಿ ಹೊಲಿಯೋದು ಬಿಟ್ರ ನಿನಗ ಏನ್ ಬರ್ತೈತಲೇ? ಗಾಳಿ ಬಗ್ಗೆ ನನಗ ಹೇಳಾಕ ಬಂದಾನ! ನಿನ್ ತಲಿಯಾಗ ತುಂಬಿರೋದೂ ಅದೇ ಬಿಡು."

ಹತ್ತಿ ಸಾಹುಕಾರ ಕೊಟ್ರಬಸಪ್ಪ ಕೆರೆ ಏರಿಯ ಮೇಲೆ ನಿಂತು ಹೀಗೆ ಅಂದಾಗ ಅರ್ಧ ಆದವಾನಿ ಅಲ್ಲಿ ನೆರೆದಿತ್ತು. ಎಲ್ಲರೂ ನಕ್ಕರು. ಸಾಹುಕಾರ ಹಾಸ್ಯ ಮಾಡಿದಾಗ ನಗುವುದು ಅವನ ಕೈಕೆಳಗಿನವರಿಗೆ ಕೂಲಿಯ ಕೆಲಸದಲ್ಲೇ ಸೇರಿದ್ದು. ಕೂಲಿ ಇಲ್ಲದವರು ಮುಂದೆ ಸಿಗಬಹುದೆಂಬ ಆಸೆಗೆ ನಕ್ಕರು.

ಬೈಸಿಕೊಂಡವನು ಹನುಮಂತು. ಸಾಹುಕಾರನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಬೇಲುಗಳಿಗೆ ಗೋಣಿ ಸುತ್ತಿ ದಬ್ಬಳದಿಂದ ಹೊಲಿಯುವುದು ಅವನ ಕೆಲಸ. ಅವನು ಮಾಡಿದ ತಪ್ಪು ಇಷ್ಟೇ: "ಸಾಹುಕಾರ್ರಾ, ಇವತ್ತು ಗಾಳಿ ಸಣ್ಣದೈತ್ರಿ, ದಪ್ಪ ಹಾಯಿ ಬ್ಯಾಡ್ರಿ" ಎಂದಿದ್ದ.

ಹಿಂದೆ ಆ ಊರಿನ ಎರಡು ಮಿಲ್ಲುಗಳಿಗೆ ಇಬ್ಬರು ಬಿಳಿ ದೊರೆಗಳು ಮ್ಯಾನೇಜರುಗಳಾಗಿದ್ದರು. ಭಾನುವಾರ ಬೇಸರ ಕಳೆಯಲು ಇಬ್ಬರೂ ಮದ್ರಾಸಿನಿಂದ ಒಂದೊಂದು ಸಣ್ಣ ಹಾಯಿದೋಣಿ ತರಿಸಿಕೊಂಡರು. ಹೊಟ್ಟೆಯ ಕೆಳಗೆ ಭಾರದ ಕಬ್ಬಿಣದ ರೆಕ್ಕೆಯಿದ್ದ ದೋಣಿಗಳು ಅವು. ಆ ರೆಕ್ಕೆಯಿಂದಾಗಿ ಗಾಳಿಗೆ ಮಗುಚುತ್ತಿರಲಿಲ್ಲ. ಆದರೆ ನೀರು ಕಡಿಮೆಯಿದ್ದಲ್ಲಿ ಹೋದರೆ ರೆಕ್ಕೆ ಕೆಸರಿಗೆ ಕಚ್ಚಿಕೊಂಡು, ಹಟ ಹಿಡಿದ ಎಮ್ಮೆಯಂತೆ ಅಲ್ಲೇ ನಿಂತುಬಿಡುತ್ತಿದ್ದವು. ಯುದ್ಧ ಬಂತು, ದೊರೆಗಳು ಹೋದರು, ದೋಣಿಗಳು ಸಾಹುಕಾರರ ಪಾಲಾದವು. ಒಂದು ಕೊಟ್ರಬಸಪ್ಪನಿಗೆ, ಇನ್ನೊಂದು ಮದ್ದಿಕೇರದಿಂದ ಬಂದು ಇಲ್ಲಿ ಮಿಲ್ಲು ಹಾಕಿದ್ದ ಗಾದಿಲಿಂಗಪ್ಪನಿಗೆ.

ಇಬ್ಬರಿಗೂ ಪೇಟೆಯಲ್ಲಿ ಬಹಳ ವರ್ಷದ ಜಿದ್ದು. "ನಿನ್ ದೋಣಿ ತಗಂಬಾ, ನೋಡೇಬಿಡೋಣ" ಎಂದು ಗಾದಿಲಿಂಗಪ್ಪ ಸಂತೆಯಲ್ಲಿ ಕೂಗಿದ್ದ. ಕೊಟ್ರಬಸಪ್ಪನೂ "ಬರ್ತೀನಿ" ಎಂದಿದ್ದ. ಹಳೆಯ ಹಾಯಿಗಳನ್ನು ಇಲಿಗಳು ತಿಂದಿದ್ದವು. ಹೊಸವನ್ನು ಹೊಲಿಯಲು, ನೀರಿನ ಮೇಲೆ ಹಿಡಿಯಲು ಸಾಹುಕಾರ ಮಿಲ್ಲಿನ ಅಷ್ಟು ಜನರಲ್ಲಿ ಹನುಮಂತನನ್ನೇ ಕರೆದ. ಹನುಮಂತು ಉಬ್ಬಿಹೋದ. ದೊರೆಯ ಭಾನುವಾರಗಳಲ್ಲಿ ಹಗ್ಗ ಹಿಡಿದು ಬೈಗಳ ತಿಂದವನು ಅವನೊಬ್ಬನೇ. ತಿಂದ ಬೈಗಳ ಕೊನೆಗೂ ವಿದ್ಯೆಯಾಯಿತು ಎಂದುಕೊಂಡ.

ಅವನು ಎರಡು ಹಾಯಿ ಹೊಲಿದಿದ್ದ. ಒಂದು ಡೇರೆ ಬಟ್ಟೆಯದು, ದಪ್ಪ. ಇನ್ನೊಂದು ಒತ್ತಾಗಿ ನೇಯ್ದ ತೆಳು ಮಿಲ್ ಬಟ್ಟೆಯದು. ಈಗ ಏರಿಯ ಮೇಲೆ ಎರಡನ್ನೂ ಹಾಸಿಕೊಂಡು ಕೂತು, ಬಟ್ಟೆಯನ್ನು ಓರೆಯಾಗಿ ಎಳೆದು ಎಷ್ಟು ಹಿಗ್ಗುತ್ತದೆಂದು ನೋಡಿದ. ತುಟಿಗಿಟ್ಟು ಊದಿ, ಉಸಿರು ಆಚೆಗೆ ನುಸುಳುತ್ತದೆಯೇ ಎಂದು ನೋಡಿದ. ಅವನು ಊದುವುದನ್ನು ನೋಡಲು ಇನ್ನಷ್ಟು ಜನ ಸೇರಿದರು.

"ಬಟ್ಟಿ ಬಿಸಿ ಐತೇನೋ, ಊದಾಕ ಹತ್ಯಾನ" ಎಂದ ನೆರೆಮನೆಯ ಕುರಿಗಾರ ಯರ್ರೆಪ್ಪ, ಕರೆಯುವ ವರಸೆಗೆ ಮಾತ್ರ ಮಾವ. "ಲೇ ಅಳಿಯಾ, ಎರಡೂ ಬ್ಯಾಡ. ನನ್ ಕಂಬಳಿ ಕಟ್ಟು. ಹುಣಸೆಬೀಜದ ಗಂಜಿ ಕುಡಿದಿರೋ ಕಂಬಳಿ. ಮಳಿನೇ ನುಗ್ಗಂಗಿಲ್ಲ, ಗಾಳಿ ನುಗ್ಗತೈತೇನು?"

"ಕಂಬಳಿ ಕಟ್ಟಿದ್ರ ದೋಣಿ ಮುಣಗತೈತಿ ಮಾವಾ."

"ಮುಣಗಿದ್ರ ಮುಣಗಲಿ, ಬೆಚ್ಚಗ ಮುಣಗತೀರಿ."

ಹನುಮಂತನ ಹೆಂಡತಿ ಸುಂಕಮ್ಮ ತೆಳ್ಳನೆಯದನ್ನು ಎತ್ತಿ ಬಿಸಿಲಿಗೆ ಹಿಡಿದಳು. "ಇದೇನ್ ಹಾಯಿನೋ ಸೊಳ್ಳಿಪರದಿನೋ? ಇದನ್ನ ನಂಬಿ ನನ್ ಸಂಸಾರ ಕೆರಿಯಾಗ ಬಿಡ್ತೀಯಾ? ಕೆಲಸ ಹೋತಂದ್ರ ಪೆದ್ದಕಡುಬೂರಿಗೆ ಹೋಗಿ ನಮ್ಮಪ್ಪನ ಕುರಿ ಹಿಂದ ನಿಲ್ಲಬೇಕು ನೋಡು."

ಅವಳ ಮಾತು ಸುಳ್ಳಲ್ಲ. ಆಗತಾನೇ ಸಾಹುಕಾರ ಎಲ್ಲರ ಎದುರಿಗೆ ಘೋಷಿಸಿದ್ದ: "ಗೆದ್ದಿ ಅಂದ್ರ ನಾಳಿಂದ ನೀನೇ ಬೇಲು ಒತ್ತೋ ಪ್ರೆಸ್ಸಿನ ಮೇಸ್ತ್ರಿ. ಸೋತಿ ಅಂದ್ರ ನನ್ ಗೇಟಿನೊಳಗ ಕಾಲಿಡಬ್ಯಾಡ. ಹಾಯಿ ಮಾತ್ರ ದಪ್ಪಂದೇ ಹಾಕಬೇಕು. ನನ್ ಮರ್ಯಾದಿ ಏನ್ ತೆಳ್ಳಗೈತಾ?"

ಅಷ್ಟರಲ್ಲಿ ಸಾಹುಕಾರನ ಹೆಂಡತಿ ಗುರುಲಿಂಗಮ್ಮ ಅರಿಸಿನದ ಬಟ್ಟಲು ಹಿಡಿದು ಬಂದಳು. ಹೊಸ ಬಟ್ಟೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚದೆ ಬಳಸುವುದುಂಟೇ? ಒಂದು ಮೂಲೆಗೆ ಹಚ್ಚಿದಳು, ಎರಡನೆಯದಕ್ಕೆ ಹಚ್ಚಿದಳು, ಮೂರನೆಯದಕ್ಕೂ ಆಯಿತು. ಆಮೇಲೆ ಬಟ್ಟೆಯ ಸುತ್ತ ತಿರುಗತೊಡಗಿದಳು.

"ನಾಲ್ಕನೇ ಮೂಲಿ ಎಲ್ಲೈತೋ ಹನುಮಂತು?"

"ಇಲ್ರಿ ಅವ್ವಾರ. ಹಾಯಿಗೆ ಮೂರೇ ಮೂಲಿ."

"ಬಟ್ಟಿ ಕದ್ದೀಯೇನೋ? ಶುಭದ ದಿವಸ ಮೂರು ಮೂಲಿದು ಹೆಂಗ ಏರಸ್ತೀ?"

ಬೆರಳಲ್ಲಿ ಅರಿಸಿನ ಉಳಿದಿತ್ತು, ಹಚ್ಚಲು ಮೂಲೆ ಇರಲಿಲ್ಲ. ಕೊನೆಗೆ ಅವಳು ಅದನ್ನು ಹನುಮಂತನ ಅಂಗಿಯ ತುದಿಗೆ ಒರೆಸಿ ಸಮಾಧಾನಪಟ್ಟುಕೊಂಡಳು. ಹಾಯಿಯ ನಾಲ್ಕನೆಯ ಮೂಲೆಯಾಗಿ ಹನುಮಂತು ದೋಣಿ ಹತ್ತಿದ. ಹತ್ತುವಾಗ ತೆಳು ಹಾಯಿಯನ್ನು ಮಡಚಿ, ಕೂರುವ ಹಲಗೆಯ ಮೇಲೆ ಮೆತ್ತೆಯಂತೆ ಹಾಕಿಕೊಂಡ. ಯಾರೂ ಬೇಡವೆನ್ನಲಿಲ್ಲ.

ಏರಿಯಿಂದ ಹೊರಟು, ಎದುರು ದಡದ ಬಂಡೆಯ ಬಳಿ ನೆಟ್ಟ ಬಾವುಟ ಸುತ್ತಿ ವಾಪಸು ಬರಬೇಕು. ಸಾಹುಕಾರ ಚುಕ್ಕಾಣಿ ಹಿಡಿದು ಕೂತ. ಹನುಮಂತು ಹಗ್ಗಕ್ಕೆ.

ಹೋಗುವಾಗ ಗಾಳಿ ಎದುರು. ಎದುರು ಗಾಳಿಗೆ ದೋಣಿ ನೇರ ಹೋಗುವುದಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓರೆಯಾಗಿ ಹತ್ತಬೇಕು. ಡೇರೆ ಬಟ್ಟೆ ಅಷ್ಟು ಸಣ್ಣ ಗಾಳಿಗೆ ಮೈ ಕೊಡಲೇ ಇಲ್ಲ. ಒಣಗಲು ಹಾಕಿದ ಎಮ್ಮೆ ಚರ್ಮದಂತೆ ಜೋತುಬಿತ್ತು. ಗಾದಿಲಿಂಗಪ್ಪನ ದೋಣಿ ಮುಂದೆ ಹೋಯಿತು. ಬಹಳ ಮುಂದೆಯೇನಲ್ಲ. ಅವನು ತುಂಗಭದ್ರೆಯ ದಡದ ಮಾಧವರದಿಂದ ಒಬ್ಬ ಹರಿಗೋಲಿನವನನ್ನು ಕರೆಸಿದ್ದ. ದುಂಡು ಹರಿಗೋಲು ತಿರುಗಿಸಿ ಬೆಳೆದ ಆ ಮನುಷ್ಯ ಹಾಯಿದೋಣಿಯನ್ನೂ ಆಗಾಗ ಒಂದು ಸುತ್ತು ತಿರುಗಿಸಿಯೇ ಮುಂದೆ ಬಿಡುತ್ತಿದ್ದ. ಗಾದಿಲಿಂಗಪ್ಪ ಸುತ್ತಿಗೊಮ್ಮೆ "ಒರೇಯ್! ಒರೇಯ್!" ಎಂದು ಕೂಗುವುದು ಇಲ್ಲಿಗೆ ಕೇಳುತ್ತಿತ್ತು.

ಹನುಮಂತು ತಡೆಯಲಾರದೆ ಎದ್ದ. ಹಗ್ಗ ಬಿಚ್ಚಿ ಡೇರೆ ಹಾಯಿಯನ್ನು ಸರ್‍ರನೆ ಇಳಿಸಿದ. ಅದು ಸಾಹುಕಾರನ ತಲೆಯ ಮೇಲೆ ಬಿತ್ತು. ಒಳಗಿನಿಂದ, "ಲೇ! ಯಾರಪ್ಪಣಿ ಮ್ಯಾಲೆ? ಬ್ಯಾಡಂದ್ನಿಲ್ಲಾ!" ಎಂದು ಮೂಟೆಯೊಂದು ಮಾತಾಡಿತು. ಮೂಟೆ ಬಾಯಿ ಬಿಡಿಸಿಕೊಳ್ಳುವಷ್ಟರಲ್ಲಿ ತೆಳು ಹಾಯಿ ಮೇಲೇರಿತ್ತು. ಹನುಮಂತು ಅದರ ಹಗ್ಗವನ್ನು ತುಸು ಸಡಿಲ ಬಿಟ್ಟ. ಬಟ್ಟೆ ಮೆಲ್ಲಗೆ ಹೊಟ್ಟೆ ಉಬ್ಬಿಸಿತು. ದೋಣಿ ನಿದ್ದೆಯಿಂದೆದ್ದಂತೆ ಓಡಿತು.

ಆ ಹೊತ್ತಿಗೆ ಅವನಿಗೆ ಏನೋ ಆಯಿತು. ಹಗ್ಗದ ತುದಿಯಲ್ಲಿ ಗಾಳಿ ಬಂದು ಅವನ ಅಂಗೈಯನ್ನು ಎಳೆಯುತ್ತಿತ್ತು. ಇಷ್ಟು ವರ್ಷ ಅವನು ಹೊಲಿದಿದ್ದೆಲ್ಲ ಬಾಯಿ ಮುಚ್ಚಿಕೊಂಡು ರೈಲು ಹತ್ತಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಒಂದೂ ತಿರುಗಿ ಅವನ ಕೈ ಹಿಡಿದು ಎಳೆದಿರಲಿಲ್ಲ. ತಾನು ಹೊಲಿದದ್ದು ಏನು ಮಾಡಬಲ್ಲದೆಂದು ಅವನು ಮೊದಲ ಸಲ ಕಂಡ. ಅವನಿಗೆ ಅಳು ಬಂತು. ಬೆವರೆಂದು ಒರೆಸಿಕೊಂಡ.

ಬಾವುಟ ಹತ್ತಿರವಾಯಿತು. ಹರಿಗೋಲಿನವನು ಬಾವುಟವನ್ನು ಕಂಡ ಖುಷಿಗೆ ಎರಡು ಸಲ ಸುತ್ತುತ್ತಿದ್ದ. ಹನುಮಂತನ ದೋಣಿ ಅವನ ಪಕ್ಕದಲ್ಲೇ ಬಾವುಟ ಸುತ್ತಿ ತಿರುಗಿತು. ಈಗ ಗಾಳಿ ಬೆನ್ನಿಗೆ. ಆಗ ಸಾಹುಕಾರ ಚುಕ್ಕಾಣಿಯನ್ನು ಇದ್ದಕ್ಕಿದ್ದಂತೆ ಜೊಂಡು ಬೆಳೆದ ಕಡೆಗೆ ಎಳೆದ.

"ಅತ್ತಾಗ ಬ್ಯಾಡ್ರೀ! ನೀರಿಲ್ಲ!"

"ನನಗ ಗೊತ್ತೈತಿ ಸುಮ್ನಿರು!"

ಕಬ್ಬಿಣದ ರೆಕ್ಕೆ ಕೆಸರಿಗೆ ಕಚ್ಚಿತು. ದೋಣಿ ನಿಂತಿತು. ಸಾಹುಕಾರ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡು, ದೈವ" ಎಂದ. ಅವನ ಮುಖದಲ್ಲಿ ಹೊಟ್ಟೆ ತುಂಬ ಉಂಡವನ ಶಾಂತಿಯಿತ್ತು. ಹನುಮಂತನಿಗೆ ದೈವದ ಮೇಲೂ ಸಿಟ್ಟು ಬಂತು. ಒಂದು ಪಕ್ಕಕ್ಕೆ ಭಾರ ಹಾಕಿ ವಾಲಿಸಿದರೆ ಕೆಳಗಿನ ರೆಕ್ಕೆ ಮೇಲೇಳುತ್ತದೆ, ದೊರೆ ಹಾಗೇ ಮಾಡುತ್ತಿದ್ದ. ಇಲ್ಲಿ ಭಾರಕ್ಕೆ ಬರವೆಲ್ಲಿ? ಅವನು ಸಾಹುಕಾರನ ಎರಡೂ ಭುಜ ಹಿಡಿದು, ಹತ್ತಿಯ ಬೇಲನ್ನು ಉರುಳಿಸುವ ಹಾಗೆಯೇ ಬಲಗಡೆಯ ಅಂಚಿಗೆ ಉರುಳಿಸಿದ. ತಾನೂ ಅವನ ಮೇಲೆ ಬಿದ್ದ. ದೋಣಿ ವಾಲಿತು, ಕೆಸರು ಬುಳುಕ್ಕೆಂದು ಬಿಟ್ಟುಕೊಟ್ಟಿತು. ಸಾಹುಕಾರನ ಗಡ್ಡ ನೀರಿನಲ್ಲಿ ಅದ್ದಿತ್ತು. ದೋಣಿ ತಾನಾಗಿ ಏರಿಯ ಕಡೆ ಹಾರಿತು.

ಗೆದ್ದರು. ಹರಿಗೋಲಿನವನು ಇನ್ನೂ ಕೆರೆಯ ನಡುವೆ ಸುತ್ತುತ್ತಿದ್ದ.

ಹನುಮಂತು ದಡಕ್ಕೆ ಹಾರಿದ. ಕೂಗು, ಕೇಕೆ, ಶಿಳ್ಳೆ ಬರುತ್ತವೆಂದು ಕಾದ. ಯರ್ರೆಪ್ಪ ಒಬ್ಬ "ಷಾಬಾಸ್ ಅಳಿಯಾ!" ಎಂದವನು ಸುತ್ತ ನೋಡಿ ಬಾಯಿ ಮುಚ್ಚಿದ. ಏರಿಯ ಬದಿಗೆ ಹಾಕಿದ್ದ ಚಪ್ಪರದ ಕೆಳಗೆ ಗಾದಿಲಿಂಗಪ್ಪನ ತಾಯಿ ಗುರುಶಾಂತಮ್ಮ ಎದ್ದು ನಿಂತಿದ್ದಳು. ಅವಳ ಮುಂದೆ ತಟ್ಟೆಗಳಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಸೀರೆ. ಸಾಹುಕಾರನ ಮಗಳು ಶಂಕರಮ್ಮ ಹಿಂದೆ ತಲೆ ತಗ್ಗಿಸಿ ಕೂತಿದ್ದಳು.

"ಹೆಣ್ಣು ಕೊಡೋ ಮಂದಿ ಗಂಡಿನ ಕಡೆಯೋರನ್ನ ಊರ ಮುಂದ ಸೋಲಿಸಿ ಆಮ್ಯಾಲೆ ತಾಂಬೂಲ ಕೊಡ್ತಾರಂತ! ಇದ್ಯಾವ ಪದ್ಧತಿರೀ?" ಎಂದಳು ಮುದುಕಿ. "ಇಲ್ಲಿ ನಮ್ಗ ಸಂಬಂಧ ಬ್ಯಾಡ. ಗಾಡಿ ಕಟ್ಟಿಸ್ರಿ."

ಹನುಮಂತನಿಗೆ ಒಂದೂ ತಿಳಿಯಲಿಲ್ಲ. ಸಾಹುಕಾರ ಒದ್ದೆ ಗಡ್ಡದಲ್ಲೇ ಅವನ ರಟ್ಟೆ ಹಿಡಿದು ಆಲದ ಮರದ ಹಿಂದಕ್ಕೆ ಎಳೆದ.

"ದರಿದ್ರದವನೇ! ಗಾದಿಲಿಂಗಪ್ಪನ ಮಗಗ ನನ್ ಮಗಳನ್ನ ಕೊಡೋ ಮಾತು ಮುಗಿದು ಇವತ್ತು ತಾಂಬೂಲ ಇತ್ತು. ಗುಟ್ಟಾಗಿ ಇಟ್ಟಿದ್ವಿ. ಆತ ಸಂತಿಯಾಗ ಕೂಗಿಬಿಟ್ಟಿದ್ದ, ನಾ ಒಲ್ಲೆ ಅಂದ್ರ ಹೇಡಿ ಅಂತಿದ್ರು, ಗೆದ್ರ ಮಗಳ ಮದಿವಿ ಮುರೀತಿತ್ತು. ಸೋಲಾಕಂತಲೇ ಅಲ್ಲೇನೋ ನಾ ದೋಣಿ ಹತ್ತಿದ್ದು? ಮಿಲ್ಲಿನಾಗ ಅಷ್ಟು ಮಂದಿ ಬಿಟ್ಟು ನಿನ್ನ ಯಾಕ್ ಆರಿಸಿದೆ? ಶ್ಯಾಣ್ಯಾ ಅಂತೇನು? ನಿನ್ನಷ್ಟು ನಾಲಾಯಕ್ ಇನ್ನೊಬ್ಬ ಸಿಗಲಿಲ್ಲಂತ!"

"ಮತ್ತ... ಸೋತ್ರ ಗೇಟು ಮುಚ್ಚತೀನಿ ಅಂದ್ರಿ."

"ಮಂದಿ ಮುಂದ ಅಂತಾರಪ್ಪ. ಅದೆಲ್ಲ ಯಾಕೀಗ?" ಸಾಹುಕಾರ ದನಿ ತಗ್ಗಿಸಿದ. "ಈಗ ಒಂದ್ ಕೆಲಸ ಮಾಡು. ಬಾವುಟ ಸುತ್ತಲಿಲ್ಲ, ಮೋಸ ಮಾಡಿದ್ವಿ ಅನ್ನು. ದೂರ ಐತಿ, ಯಾರಿಗೂ ಕಂಡಿಲ್ಲ. ಅಷ್ಟಂದ್ರ ಸಾಕು, ನಾಳಿಂದ ನೀನೇ ಮೇಸ್ತ್ರಿ. ನನ್ ಮಗಳಾಣಿ."

ಮತ್ತೆ ಚಪ್ಪರದ ಮುಂದೆ ತಂದು ನಿಲ್ಲಿಸಿದ. ಗಾದಿಲಿಂಗಪ್ಪನೂ ಅಷ್ಟರಲ್ಲಿ ದಡ ಸೇರಿದ್ದ. ತನ್ನ ಪಕ್ಕದಲ್ಲೇ ಬಾವುಟ ಸುತ್ತಿದ ದೋಣಿಯನ್ನು ಅವನು ಕಣ್ಣಾರೆ ಕಂಡಿದ್ದ. ಈಗ ಅವನು ಆಕಾಶ ನೋಡುತ್ತ ನಿಂತ. ಕೊಟ್ರಬಸಪ್ಪ ಮುದುಕಿಗೆ ಕೈ ಮುಗಿದ.

"ಬೀಗರ, ಸಿಟ್ಟಾಗಬ್ಯಾಡ್ರಿ. ಈ ನನ್ ಮಗ ಬಾವುಟ ಸುತ್ತದ ತಿರುವಿಬಿಟ್ಟಾನ. ಗೆದ್ದೋರು ನೀವೇ. ಹೇಳಲೇ ಹನುಮಂತು, ಹೆದರಬ್ಯಾಡ. ಹೌದಿಲ್ಲೋ?"

ಊರೆಲ್ಲ ಅವನ ಬಾಯಿ ನೋಡಿತು. ಹೌದೆಂದರೆ ಮೇಸ್ತ್ರಿಗಿರಿ, ಅಲ್ಲವೆಂದರೆ ಕುರಿ. ಮೂಲೆಯಲ್ಲಿ ಶಂಕರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಇದರಲ್ಲಿ ಆ ಹುಡುಗಿ ಮಾಡಿದ ತಪ್ಪೇನು? ತಾನು ಮಾಡಿದ ತಪ್ಪಾದರೂ ಏನು?

ಹನುಮಂತು ತಿರುಗಿ ಏರಿಯ ಮೇಲೆ ನಡೆಯತೊಡಗಿದ.

"ಚೂಡಂಡಿ, ನೋಡ್ರಿ!" ಎಂದು ಗಾದಿಲಿಂಗಪ್ಪನ ದನಿ ಹಿಂದೆ ಗೆಲುವಾಗಿ ಎದ್ದಿತು. "ಬಾಯೇ ಬರವಲ್ದು! ಕಳ್ಳ ಅಲ್ದಿದ್ರ ಅಲ್ಲ ಅಂತಿದ್ದಿಲ್ಲೇನು? ಅವ್ವಾ, ಕೂತ್ಕೋ, ತಾಂಬೂಲ ತಗೋ."

"ನಾಳಿಂದ ಗೇಟಿನ ಹತ್ರ ಸುಳಿಬ್ಯಾಡ, ಮೋಸಗಾರಾ!" ಎಂದು ಕೊಟ್ರಬಸಪ್ಪ ಬೀಗರಿಗೆ ಕೇಳುವಷ್ಟು ಜೋರಾಗಿ ಕೂಗಿದ. ತಾಂಬೂಲಕ್ಕೆ ಬಂದಿದ್ದ ವಾಲಗದವರು ಊದಲು ಶುರುಮಾಡಿದರು. ನೆರೆದ ಜನ ಬಿಟ್ಟೂಬಿಡದೆ ನಕ್ಕರು.

ಸುಂಕಮ್ಮ ಓಡಿ ಬಂದು ಅವನ ಪಕ್ಕಕ್ಕೆ ಸೇರಿದಳು. "ಲೇ, ನನಗಾದ್ರೂ ಹೇಳೋ. ಸುತ್ತಿದ್ರೋ ಇಲ್ಲೋ?"

ಹನುಮಂತು ಅವಳನ್ನು ನೋಡಿದ, ಏರಿಯಿಂದ ಇಳಿದ, ಪೆದ್ದಕಡುಬೂರಿನ ದಾರಿ ಹಿಡಿದು ನಡೆದ.