ಎಷ್ಟು ಡಿಸ್ಕ್ ಸತ್ತರೆ ನಡೆಯುತ್ತದೆ?

ನನಗೆ ಸಿಟ್ಟು ಬರಿಸುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ಬೈಕಿನ ಹಿಂದೆ ಹತ್ತಿ ಕೂತು ಬರುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಂಗಡಿ, ಆಫೀಸುಗಳಿಗೆ ಕಂಪ್ಯೂಟರಿನ ಮಾಹಿತಿ ಕೂಡಿಡುವ ಪೆಟ್ಟಿಗೆಗಳನ್ನು ಹಾಕಿಕೊಡುವುದು ನನ್ನ ಕೆಲಸ. ಪೆಟ್ಟಿಗೆಯಲ್ಲಿ ಆರು ಡಿಸ್ಕ್ ಇವೆ ಅನ್ನಿ. ಒಂದು ಡಿಸ್ಕಿನಷ್ಟು ಜಾಗ ಬಿಟ್ಟುಕೊಟ್ಟರೆ, ಆರರಲ್ಲಿ ಯಾವುದೇ ಒಂದು ಸತ್ತರೂ ಮಾಹಿತಿ ಉಳಿಯುತ್ತದೆ. ಎರಡರಷ್ಟು ಬಿಟ್ಟುಕೊಟ್ಟರೆ ಎರಡು ಸತ್ತರೂ ಉಳಿಯುತ್ತದೆ. ಏನೂ ಬಿಡದಿದ್ದರೆ ಒಂದು ಸತ್ತ ದಿನವೇ ಎಲ್ಲಕ್ಕೂ ಎಳ್ಳುನೀರು. ಇಷ್ಟೇ ವಿದ್ಯೆ. ಎಷ್ಟು ಸತ್ತರೆ ನಡೆಯಬೇಕು ಎಂಬುದನ್ನು ಗಿರಾಕಿ ಮೊದಲೇ ಆರಿಸಬೇಕು. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟ ಒಬ್ಬ ಗಿರಾಕಿಯನ್ನೂ ನಾನಿನ್ನೂ ಕಂಡಿಲ್ಲ.

ಈ ವರ್ಷ ಇದರ ಬಿಸಿ ನನ್ನ ಮನೆಗೇ ತಟ್ಟಿತು. ನಾಗನೂರಿನಲ್ಲಿರುವ ನನ್ನ ಅಕ್ಕನ ಮಗಳ ಮದುವೆ ಯುಗಾದಿಗೂ ಮೊದಲೇ ಆಗಿತ್ತು. ಫೋಟೋ ತೆಗೆದವನು ಗೋಕಾಕದಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಗಿರಾಕಿ. ಮಗಳು ಬಸುರಿಯಾದಳು, ಸೀಮಂತದ, ಅಂದರೆ ನಮ್ಮ ಕಡೆಯ ಕುಬಸದ, ದಿನ ಗೊತ್ತಾಯಿತು, ಮದುವೆಯ ಆಲ್ಬಮ್ ಮಾತ್ರ ಬರಲಿಲ್ಲ. ಅಕ್ಕ ದಿನಾ ಫೋನ್ ಮಾಡುವುದು ಸ್ಟುಡಿಯೋದವನಿಗಲ್ಲ, ನನಗೆ.

ಯಾವುದು ಸಾಯುತ್ತದೆ ಹೇಳಿ

ಹುಕ್ಕೇರಿಯಲ್ಲಿ ಒಬ್ಬ ಸ್ಕ್ಯಾನಿಂಗ್ ಡಾಕ್ಟರ್. ನಾನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗಲೇ ಅವರು ಒಬ್ಬ ಮುದುಕನ ಮಗನಿಗೆ, "ಈಗ ಏನೂ ಹೇಳಾಕ ಬರೂದಿಲ್ಲಪಾ, ಕಾದು ನೋಡಬೇಕು" ಎಂದು ಹೇಳಿ ಕಳಿಸಿದರು. ನನ್ನ ಸರದಿ ಬಂತು.

"ಸರ್, ಒಂದು ಸತ್ರ ನಡೀಬೇಕೋ, ಎರಡು ಸತ್ರ ನಡೀಬೇಕೋ?" ಅಂದೆ.

"ಹೊಸಾ ಡಿಸ್ಕ್ ಯಾಕ ಸಾಯ್ತಾವ್ರಿ?"

"ಇವತ್ತಲ್ಲ ನಾಳೆ ಸಾಯ್ತಾವ್ರಿ ಸರ್."

"ಯಾವಾಗ?"

"ಹೇಳಾಕ ಬರೂದಿಲ್ರಿ."

"ಯಾವುದು?"

"ಅದೂ ಬರೂದಿಲ್ರಿ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಂಥ ದಡ್ಡನನ್ನು ಕರೆಸಿದೆ ಎಂಬುದು ಮುಖದ ಮೇಲೇ ಬರೆದಿತ್ತು. "ಏನ್ರಿ ಇದು? ಇಷ್ಟು ವರ್ಷ ಇದ ಕೆಲಸ ಮಾಡ್ತೀರಿ. ಸರಿಯಾಗಿ ತಪಾಸ ಮಾಡಿ, ಸಾಯೂದು ಯಾವುದು ಅಂತ ಹೇಳ್ರಿ. ಅದನ್ನ ಬಿಟ್ಟು ಉಳಿದ ಐದು ತಗೋತೀನಿ."

ಎರಡನೆಯದೂ ಒಂದೇ

ಮೂಡಲಗಿ ಕಡೆಯ ಒಂದು ಸಣ್ಣ ಹಾಲಿನ ಡೇರಿ. ಹಾಲಿಗೆ ನೀರು ಬೆರೆಸಿ ತರುವವರನ್ನು ಹಿಡಿಯಲು ಕ್ಯಾಮೆರಾ ಹಾಕಿಸಿ, ಅದರ ರೆಕಾರ್ಡು ಕೂಡಿಡಲು ನನ್ನ ಪೆಟ್ಟಿಗೆ ತಗೊಂಡಿದ್ದರು. ಎರಡರ ರಕ್ಷಣೆ ಹಾಕಿಸಿರಿ ಎಂದು ಬಡಕೊಂಡೆ. ಸೆಕ್ರೆಟರಿ ಒಂದರದ್ದು ಸಾಕೆಂದರು. ಆಯಿತು. ಒಂದು ಸತ್ತರೆ ಕೆಂಪು ದೀಪ ಹತ್ತುತ್ತದೆ, ಪೆಟ್ಟಿಗೆ ಕುಂಯ್‌ಗುಟ್ಟುತ್ತದೆ, ತಕ್ಷಣ ಫೋನ್ ಮಾಡಿರಿ ಎಂದು ಮೂರು ಸಲ ಹೇಳಿ ಬಂದೆ.

ನಾಲ್ಕು ತಿಂಗಳಾದ ಮೇಲೆ ಫೋನ್ ಬಂತು. ರೆಕಾರ್ಡು ಏನೂ ಕಾಣುತ್ತಿಲ್ಲವಂತೆ. ಹೋಗಿ ನೋಡಿದರೆ ಕೆಂಪು ದೀಪದ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದಾರೆ. ಸದ್ದು ಕೇಳಬಾರದೆಂದು ಪೆಟ್ಟಿಗೆಗೆ ಗೋಣಿಚೀಲ ಹೊದಿಸಿದ್ದಾರೆ. ಸತ್ತವು ಎರಡು.

"ಮೊದಲನೇದು ಹೋದದ್ದು ಯಾವಾಗ್ರಿ?"

"ಅದು ಹೋಗಿ ಭಾಳ ದಿನ ಆತ್ರಿ. ನಡೀತೈತಿ ಅಂತ ನೀವ ಹೇಳಿದ್ರಿ, ನಡ್ಯಾಕತ್ತಿತ್ತು, ಬಿಟ್ಟಿವಿ."

"ಎರಡನೇದು ಹೋದ್ರ ನಡಿಯೂದಿಲ್ಲ ಅಂತನೂ ಹೇಳಿದ್ದೆ ಅಲ್ರಿ!" ನನ್ನ ದನಿ ರಸ್ತೆಯವರೆಗೂ ಹೋಗಿರಬೇಕು.

ಸೆಕ್ರೆಟರಿ ನನಗಿಂತ ಜೋರು ಮಾಡಿದರು. "ಆವಾಗ ಒಂದು ಹೋತು, ಈಗ ಒಂದು ಹೋತು. ಒಮ್ಮೆಗೆ ಎರಡು ಎಲ್ಲಿ ಹೋದುವ್ರಿ?"

ರೆಕಾರ್ಡೇ ಉಳಿಯದ ಆ ನಾಲ್ಕು ತಿಂಗಳ ಲೆಕ್ಕದಲ್ಲಿ ಆ ಊರಿನವರಷ್ಟು ಶುದ್ಧ ಹಾಲು ಹಾಕಿದವರು ಯಾರೂ ಇಲ್ಲ.

ಕುಬಸದ ಮುಂದೆ ಇದೆಂಥ ಮಾತು

ಈಗ ಗೋಕಾಕದ ಸ್ಟುಡಿಯೋ. ಅಕ್ಕನ ಮಗಳ ಮದುವೆಯೇ ಅದರೊಳಗೆ ಹೋಗಬೇಕಾದ್ದರಿಂದ ಇಲ್ಲಿ ನಾನು ಹಟ ಹಿಡಿದೆ. ಎರಡರ ರಕ್ಷಣೆಯೇ ಆಗಬೇಕು.

ಸ್ಟುಡಿಯೋದವನು ಮುಖ ಹುಳಿ ಮಾಡಿಕೊಂಡ. "ನಾಕು ದುಡಿಯೂದು, ಎರಡು ಸುಮ್ನ ಕುಂಡ್ರೂದು? ಯಾವ ನ್ಯಾಯರಿ ಇದು?"

"ಸುಮ್ನ ಕುಂಡ್ರೂದಿಲ್ಲೋ ಮಾರಾಯ. ಆರೂ ದುಡಿತಾವು. ಯಾವ ಎರಡು ಸತ್ರೂ ಉಳಿದ ನಾಕು ಸಂಭಾಳಿಸ್ತಾವು. ಎಲ್ಲಾ ಮದವಿ ಇದರಾಗ ಹಾಕಿದ ಮ್ಯಾಲ ಮುಂದಿನ ಕೆಲಸ ಮಾಡು."

"ಯಾವ ಎರಡಾದ್ರೂ ನಡೀತೈತಿ?"

"ಯಾವ ಎರಡಾದ್ರೂ."

ಮೂರು ದಿನ ವಾದಿಸಿ ಗೆದ್ದೆ. ಆ ಮೇಲೆ ಆ ಕಡೆ ಹೋದಾಗಲೆಲ್ಲ ಹಣಿಕಿ ನೋಡುತ್ತಿದ್ದೆ. ಆರೂ ಹಸಿರು ದೀಪ ಮಿನುಗುತ್ತಿದ್ದವು. ಹೊಟ್ಟೆ ತಣ್ಣಗಾಗುತ್ತಿತ್ತು. ಅಕ್ಕನಿಗೆ ಫೋನಿನಲ್ಲಿ ಎದೆಯುಬ್ಬಿಸಿ ಹೇಳಿದೆ. "ಅಕ್ಕಾ, ಆಲ್ಬಮ್ ತಡಾ ಆದ್ರೂ ಚಿಂತಿ ಇಲ್ಲ. ಎರಡು ಸತ್ರೂ ನಿನ್ನ ಮಗಳ ಮದವಿಗೆ ಏನೂ ಆಗೂದಿಲ್ಲ."

ಆ ಕಡೆಯಿಂದ ಸಿಡಿಲು. "ಕುಬಸದ ಮುಂದ ಸಾಯೂ ಮಾತು ತಗೀತೀಯೇನೋ ಭಾಡ್ಯಾ? ಇಡು ಫೋನ್!"

ಎರಡೆರಡೇ ತೆಗೆದೆ

ಖಂಡೇನವಮಿಗೆ ಸ್ಟುಡಿಯೋದವನು ನನ್ನನ್ನೂ ಆಯುಧಪೂಜೆಗೆ ಕರೆದ. ಹೋದೆ. ಕ್ಯಾಮೆರಾ, ಲೈಟು, ಪ್ರಿಂಟರ್ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ನನ್ನ ಪೆಟ್ಟಿಗೆ ಮೂಲೆಯಲ್ಲಿ ಕುಂಯ್‌ಗುಡುತ್ತಿತ್ತು. ಅದರೊಳಗಿನ ಎರಡು ಡಿಸ್ಕ್ ಹಿತ್ತಾಳೆ ತಟ್ಟೆಯಲ್ಲಿ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವು.

"ಏನ ಮಾಡಿದ್ಯೋ?"

"ಹೊರಗಿನ ಸಾಮಾನಿಗೆಲ್ಲಾ ಪೂಜಾ ಮಾಡಿ, ಒಳಗ ದುಡಿಯೂವಕ್ಕ ಬಿಟ್ರ ಹೆಂಗ್ರಿ? ನೀವೇನೂ ಅಂಜಬ್ಯಾಡ್ರಿ. ಆರೂ ಒಮ್ಮೆಗೆ ತಗದಿಲ್ಲ, ನಾ ಏನ ಹುಚ್ಚನ? ನೀವ ಹೇಳಿದಂಗ ಎರಡೆರಡ ತಗದೆ. ಎರಡಕ್ಕ ಹಚ್ಚಿ ಒಳಗ ಇಟ್ಟೆ, ಮತ್ತ ಎರಡು ತಗದೆ. ಇವು ಕಡೀ ಎರಡು."

ತೆಗೆದ ಡಿಸ್ಕ್ ವಾಪಸ್ ಇಟ್ಟರೆ ಅದು ಮತ್ತೆ ತುಂಬಿಕೊಳ್ಳಲು ಒಂದು ದಿನವಾದರೂ ಬೇಕು. ಅದಕ್ಕಿಂತ ಮೊದಲೇ ಬೇರೆ ಎರಡು ತೆಗೆದರೆ ಪೆಟ್ಟಿಗೆಯ ಪಾಲಿಗೆ ಸತ್ತದ್ದು ನಾಲ್ಕು. ಈ ಮಹಾರಾಯ ಆರನ್ನೂ ಮುಗಿಸಿದ್ದ, ಅದೂ ಊದುಬತ್ತಿ ಹಚ್ಚಿ! ಎರಡರ ರಕ್ಷಣೆಗಾಗಿ ಮೂರು ದಿನ ಗಂಟಲು ಹರಿದುಕೊಂಡವನು ನಾನು.

"ನನ್ನ ಅಕ್ಕನ ಮಗಳ ಮದವಿ ಹೋತಲ್ಲೋ! ಅಕ್ಕಗ ಏನ ಹೇಳ್ಲಿ?" ಎಂದು ಚೀರಿದೆ.

ಅವನು ಗಾಬರಿಯಾಗಲೇ ಇಲ್ಲ. ಕಪಾಟು ತೆಗೆದು ಕರದಂಟಿನ ಡಬ್ಬಿಯೊಂದನ್ನು ನನ್ನ ಮುಂದಿಟ್ಟ. ಮುಚ್ಚಳ ತೆಗೆದರೆ ಕರವಸ್ತ್ರದಲ್ಲಿ ಸುತ್ತಿದ ಒಂದೇ ಒಂದು ಹಳೆಯ ಡಿಸ್ಕ್. ಮೇಲೆ ಚೀಟಿ: ನಾಗನೂರ ಮದುವೆ.

"ಮತ್ತ ಪೆಟ್ಟಿಗ್ಯಾಗ?"

"ಪೆಟ್ಟಿಗ್ಯಾಗ ಏನೂ ಇಲ್ರಿ. ಪೂಜಾ ಆಗದ ಹೊಸಾ ಸಾಮಾನಿನ್ಯಾಗ ಮಂದಿ ಮದವಿ ಹಾಕಾಕ ಬರತೈತೇನ್ರಿ? ಇವತ್ತ ಪೂಜಾ ಆತು, ನಾಳಿಂದ ಹಾಕ್ತೀನಿ."

"ಹಂಗಾರ ಆಲ್ಬಮ್ ಯಾಕ ಇಷ್ಟ ತಡಾ?"

"ನೀವ ಹೇಳಿದ್ರಲ್ರಿ, ಪೆಟ್ಟಿಗ್ಯಾಗ ಹಾಕಿದ ಮ್ಯಾಲ ಮುಂದಿನ ಕೆಲಸ ಮಾಡು ಅಂತ!"

ಇಷ್ಟು ತಿಂಗಳು ಮಿನುಗಿದ ಆರು ಹಸಿರು ದೀಪಗಳು ಕಾಯುತ್ತಿದ್ದದ್ದು ಬರೀ ಖಾಲಿ ಜಾಗವನ್ನು. ನನಗೆ ಬಂದ ಸಿಟ್ಟಿಗೆ ಅವನ ತಲೆಯ ಮೇಲೆ ಕಾಯಿ ಒಡೆಯಬೇಕೆನಿಸಿತು. ಹೊರಗೆ ಬಂದು ಅಕ್ಕನಿಗೆ ಫೋನ್ ಹಚ್ಚಿ, ಇಂಥ ಮೂರ್ಖರ ನಡುವೆ ನಾನು ಬದುಕುತ್ತಿದ್ದೇನೆ ನೋಡು ಎಂದು ಎಲ್ಲ ಒದರಿದೆ.

ಅಕ್ಕ ಪೂರ್ತಿ ಕೇಳಿದಳು. "ಅಂದ್ರ, ನಿನ್ನ ಮಾತ ಕೇಳಿ ನಿನ್ನ ಪೆಟ್ಟಿಗ್ಯಾಗ ಹಾಕಿದ್ರ ಎಲ್ಲಾ ಹೋಗತಿತ್ತು?"

"ಹಂಗಲ್ಲ ಅಕ್ಕಾ..."

"ಆ ಶಾಣ್ಯಾನ್ನ ಕುಬಸಕ್ಕ ಕರಕೊಂಡ ಬಾ, ಹೊಸಾ ಅರಿವಿ ಕೊಟ್ಟು ಆಯೇರಿ ಮಾಡೂಣು. ಮತ್ತ ನೀ ಬರೂ ಮುಂದ ಎರಡು ಡಬ್ಬಿ ಕರದಂಟು ತಗೊಂಡ ಬಾ."

"ಎರಡ್ಯಾಕ?"

"ಒಂದು ಬಂದವ್ರಿಗೆ ಹಂಚಾಕ. ಇನ್ನೊಂದು ಈಗಿಂದೀಗ ಖಾಲಿ ಮಾಡಿ ಇಡಬೇಕು, ಕುಬಸದ ಫೋಟೋ ಹಾಕಾಕ."